ರಟ್ಗರ್ಸ್ 250 ಟೊಮೇಟೊ ಹಸಿರಾಗಿದ್ದಂತೆಯೇ ಬಾಡುತ್ತಿದೆ, ಐದರಲ್ಲಿ ಮೂರು ಹೋಯ್ತು

ಹಿತ್ತಲಮನೆ_ತೀರ್ಥಹಳ್ಳಿ:
ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗನ ಕಡೆಯಿಂದ ಬಂದ ಬೀಜ. 1934ರ ಹಳೇ ರಟ್ಗರ್ಸ್ ತಳಿಯನ್ನು ಅಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯದವರು ಮೂಲ ತಂದೆ-ತಾಯಿ ತಳಿಗಳಿಂದಲೇ ಮತ್ತೆ ಸಂಕರ ಮಾಡಿ 2016ರಲ್ಲಿ ಬಿಟ್ಟದ್ದು. ಹೂವೂ ಬಿಟ್ಟಿತ್ತು. ಮಧ್ಯಾಹ್ನ ತುದಿ ಜೋತು ಬೀಳುತ್ತಿತ್ತು, ಸಂಜೆ ಸರಿಯಾಗುತ್ತಿತ್ತು. ಮೂರನೇ ದಿನ ಏಳಲೇ ಇಲ್ಲ. ಎಲೆ ಹಳದಿಯೂ ಆಗಿಲ್ಲ. ನೀರು ಸರಿಯಾಗೇ ಕೊಡುತ್ತಿದ್ದೇನೆ.

ತೋಟದಣ್ಣ:
ಕೊಳೆ ರೋಗ. ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಹೊಡೆಯಿರಿ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್.

ಸಾಗರದ_ಸೊಸೆ:
ಐದು ಗಿಡಕ್ಕೆ 100 ಲೀಟರಾ ಅಣ್ಣ? ಹಿತ್ತಲಮನೆಯವರೇ, ವಂಶಾವಳಿ ಹೇಳಿದಿರಿ, ಮಣ್ಣು ಎಲ್ಲಿಯದು ಅಂತ ಹೇಳಲಿಲ್ಲ.

ತೋಟದಣ್ಣ:
10 ಲೀಟರಿಗೆ ತಲಾ 100 ಗ್ರಾಂ, ಅಷ್ಟೇ. ಸುಣ್ಣದ ನೀರಿಗೆ ತುತ್ತದ ನೀರು ಹಾಕಬೇಕು, ತಿರುಗಾಮುರುಗಾ ಅಲ್ಲ.

ಕೆಂಪುಮಣ್ಣು:
ನಾವು ಎರಡನ್ನೂ ಒಟ್ಟಿಗೇ ಮೂರನೇ ಡ್ರಮ್ಮಿಗೆ ಸುರಿಯೋದು, ಅಪ್ಪನ ಕಾಲದಿಂದ. ಕತ್ತಿ ಅದ್ದಿ ನೋಡಿ, ಕೆಂಪು ಹತ್ತಿದರೆ ಸುಣ್ಣ ಸಾಲದು.

ತೋಟದಣ್ಣ:
ಅಪ್ಪನ ಕಾಲದಲ್ಲಿ ಕೊಳೆಗೆ ಅಡಿಕೆ ಉದುರಲೇ ಇಲ್ಲವಾ?

ಸಾಗರದ_ಸೊಸೆ:
ಕೊಳೆ ಮಳೆಗಾಲದ್ದು, ಜನವರಿಯಲ್ಲಿ ಎಲ್ಲಿಯ ಕೊಳೆ! ಈಗಷ್ಟೇ ಬಾಡಿದ ಗಿಡದ ಬುಡದಿಂದ ಬೆರಳುದ್ದ ಕಾಂಡ ಕೊಯ್ದು, ಗಾಜಿನ ಲೋಟದ ನೀರಲ್ಲಿ ತೂಗುಹಾಕಿ. ಅಲುಗಾಡಿಸಬೇಡಿ.

ಹಿತ್ತಲಮನೆ_ತೀರ್ಥಹಳ್ಳಿ:
ನಾಲ್ಕನೆಯದೂ ಇವತ್ತು ಬಿತ್ತು, ಅದನ್ನೇ ಕೊಯ್ದೆ. ಐದು ನಿಮಿಷವೂ ಆಗಿಲ್ಲ, ತುದಿಯಿಂದ ಹಾಲಿನ ಎಳೆ ಥರ ಸಣ್ಣಗೆ ಇಳಿಯುತ್ತಿದೆ. ಮಣ್ಣು ಹೋದ ವರ್ಷದ ಶುಂಠಿ ಗದ್ದೆಯದ್ದು. ಗೊಬ್ಬರ ಜಾಸ್ತಿ ತಿಂದ ಮಣ್ಣಲ್ವಾ ಅಂತ ತಂದೆ. ಶುಂಠಿ ಅರ್ಧ ಬಾಡಿ ಕೊಳೆತಿತ್ತು.

ಸಾಗರದ_ಸೊಸೆ:
ಇದನ್ನು ಮೊದಲೇ ಹೇಳಬಾರದಿತ್ತಾ! ಹಾಗೆ ಹಾಲಿನ ಎಳೆ ಇಳಿದರೆ ಬ್ಯಾಕ್ಟೀರಿಯಾದ ಬಾಡು ರೋಗ. ಶುಂಠಿಯನ್ನೂ ಬಿಡುವುದಿಲ್ಲ ಅದು. ಬಾಡಿದ ಗಿಡಕ್ಕೆ ಔಷಧಿ ಇಲ್ಲ. ಬೇರು ಸಮೇತ ಕಿತ್ತು ಸುಡಿ. ಆ ಮಣ್ಣಿಗೆ ಬದನೆ, ಮೆಣಸಿನಗಿಡವೂ ಬೇಡ. ಬೀಜ ಉಳಿದಿದ್ದರೆ ಬೇರೆ ಮಣ್ಣಲ್ಲಿ ಸಸಿ ಮಾಡಿ, ಕಾಡು ಸುಂಡೆ ಬುಡಕ್ಕೆ ಕಸಿ ಕಟ್ಟಿ. ಸುಂಡೆ ಬೇರು ಈ ರೋಗ ತಡೆದುಕೊಳ್ಳುತ್ತದೆ.

ಕೆಂಪುಮಣ್ಣು:
ಇಷ್ಟೆಲ್ಲ ಯಾಕೆ? ಸುಮ್ನೆ ಬಾಡು ರೋಗ ತಡೆಯುವ ಅರ್ಕಾ ರಕ್ಷಕ್ ಟೊಮೇಟೊ ಹಾಕಿ.

ಹಿತ್ತಲಮನೆ_ತೀರ್ಥಹಳ್ಳಿ:
ಅದು ಹೈಬ್ರಿಡ್ಡು, ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಹಣ್ಣು ಬರಲ್ಲ. ನನಗೆ ಹಳೇ ತಳಿಯೇ ಬೇಕು. ಡಬ್ಬಿಯಲ್ಲಿ ಇನ್ನು ಹನ್ನೊಂದು ಬೀಜ ಇದೆ. ಸುಂಡೆ ಗಿಡ ರಸ್ತೆ ಪಕ್ಕದಲ್ಲೇ ಕಂಡಿದ್ದೇನೆ.

ತೋಟದಣ್ಣ:
ನಾನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯ ಮೂಲೆಯಲ್ಲಿ ಇಪ್ಪತ್ತು ಚೀಲದಲ್ಲಿ ನಾಟಿ ಹುಳಿ ಟೊಮೇಟೊ ಗಿಡ ಇಟ್ಟಿದ್ದೇನೆ, ಒಂದೂ ಬಾಡಿಲ್ಲ. ಫೋಟೋ ಹಾಕುತ್ತೇನೆ ನೋಡಿ. ಬೋರ್ಡೋ ಒಂದು ಸಲ ಹೊಡೆದುಬಿಡಿ, ನಷ್ಟವೇನಿಲ್ಲ.