ಕೆಲಸ ಬಿಟ್ಟು ಪೂರ್ತಿ ಪೋಕರ್‌ಗೆ ಇಳಿಯಬಹುದಾ? ನನ್ನ ಲೆಕ್ಕ ಇಲ್ಲಿದೆ, ತಪ್ಪಿದ್ರೆ ಹೇಳಿ

ಬಟನ್_ಸೀಟು:

ನೋ-ಲಿಮಿಟ್ ಹೋಲ್ಡೆಮ್ (ಪಣಕ್ಕೆ ಮಿತಿ ಇಲ್ಲದ ಪೋಕರ್) ಕ್ಯಾಶ್ ಗೇಮ್ ಮಾತ್ರ ಆಡೋದು, ಅಂದ್ರೆ ಟೂರ್ನಮೆಂಟ್ ಅಲ್ಲ, ನೇರ ದುಡ್ಡಿಗೆ. ವಯಸ್ಸು 27, ಊರು ಬೆಂಗಳೂರು, ಕೈಗೆ ಬರೋ ಸಂಬಳ ₹75,000. ಸಾಲ ಇಲ್ಲ, ಮದುವೆ ಆಗಿಲ್ಲ. ತಿಂಗಳ ಖರ್ಚು ₹35,000. ಉಳಿತಾಯ ₹9 ಲಕ್ಷ, ಅದರಲ್ಲಿ ₹4 ಲಕ್ಷ ಆಟಕ್ಕೆ ತೆಗೆದಿಡಬಹುದು.

ಆನ್‌ಲೈನ್‌ನಲ್ಲಿ, 2025ರ ಆಗಸ್ಟ್‌ವರೆಗೆ, 6 ಜನರ ಟೇಬಲ್‌ಗಳಲ್ಲಿ 60,000 ಹ್ಯಾಂಡ್ (ಒಂದು ಸಲ ಎಲೆ ಹಂಚಿ ಮುಗಿಸೋ ಆಟ). ಗೆಲುವು 100 ಹ್ಯಾಂಡಿಗೆ 4 ಬಿಗ್ ಬ್ಲೈಂಡ್ (ಎಲೆ ನೋಡೋ ಮುಂಚೆ ಒಬ್ಬರು ಕಡ್ಡಾಯವಾಗಿ ಇಡೋ ಪಣ, ಮುಂದೆ ಬರೀ ಬ್ಲೈಂಡ್). ಗೋವಾ ಕ್ಯಾಸಿನೊದಲ್ಲಿ ₹100/₹200 ಟೇಬಲ್‌ನಲ್ಲಿ (ಬಿಗ್ ಬ್ಲೈಂಡ್ ₹200) 140 ಗಂಟೆ, ಒಟ್ಟು ₹2,52,000 ಲಾಭ, ಅಂದ್ರೆ ಗಂಟೆಗೆ 9 ಬ್ಲೈಂಡ್. ಇದು ಜಾಸ್ತಿ ಅಂತ ಗೊತ್ತು, ಆದ್ದರಿಂದ 5 ಅಂತಲೇ ಹಿಡಿದಿದ್ದೀನಿ. ತಿಂಗಳಿಗೆ 120 ಗಂಟೆ ಆಡಿದ್ರೆ ₹1,20,000. ಗೋವಾದಲ್ಲಿ ರೂಮು, ಓಡಾಟ ಸೇರಿ ₹25,000. ಸಂಬಳಕ್ಕಿಂತ ಹೆಚ್ಚೇ ಉಳಿಯುತ್ತೆ ಅನ್ನಿಸ್ತಿದೆ. ಎಲ್ಲಿ ಎಡವುತ್ತಿದ್ದೀನಿ?

ಲೆಕ್ಕದ_ಪುಸ್ತಕ:

ಎರಡು ಕಡೆ ಎಡವಿದ್ದೀರಿ. ಮೊದಲನೆಯದು ಸ್ಯಾಂಪಲ್.

6 ಜನರ ಹೋಲ್ಡೆಮ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ (ಫಲಿತಾಂಶ ಸರಾಸರಿಯಿಂದ ಎಷ್ಟು ಏರಿಳಿಯುತ್ತೆ ಅನ್ನೋ ಅಳತೆ) 100 ಹ್ಯಾಂಡಿಗೆ ಸುಮಾರು 90 ಬ್ಲೈಂಡ್. 60,000 ಹ್ಯಾಂಡ್ ಅಂದ್ರೆ ನೂರರ 600 ಕಂತೆ. 90ನ್ನು 600ರ ವರ್ಗಮೂಲದಿಂದ ಭಾಗಿಸಿದ್ರೆ 3.7. ಅದರ ದುಪ್ಪಟ್ಟು ಆಚೆ ಈಚೆ ಇಟ್ಟು ನೋಡಿ: ನಿಮ್ಮ ನಿಜವಾದ ಗೆಲುವಿನ ದರ −3ರಿಂದ +11ರ ನಡುವೆ ಎಲ್ಲಿ ಬೇಕಾದ್ರೂ ಇರಬಹುದು. ನೀವು ಗೆಲ್ಲೋ ಆಟಗಾರ ಅಂತಲೇ ಈ 60,000 ಹ್ಯಾಂಡ್ ಇನ್ನೂ ಸಾಬೀತು ಮಾಡಿಲ್ಲ.

ಲೈವ್‌ನಲ್ಲಿ (ಎದುರೆದುರು ಕೂತು ಆಡುವಾಗ) ಗಂಟೆಗೆ 30 ಹ್ಯಾಂಡ್ ಸಿಕ್ಕರೆ ಪುಣ್ಯ, ಹಾಗಾಗಿ 140 ಗಂಟೆ ಅಂದ್ರೆ ಬರೀ 4,200 ಹ್ಯಾಂಡ್. ಅದೇ 90ನ್ನು ಗಂಟೆಗೆ ಇಳಿಸಿದ್ರೆ ಡೀವಿಯೇಷನ್ ಸುಮಾರು 49 ಬ್ಲೈಂಡ್. 140 ಗಂಟೆಗೆ 9 ಅನ್ನೋದು 1ರಿಂದ 17ರವರೆಗೆ ಏನೂ ಆಗಿರಬಹುದು. 5 ಅಂತ ಇಳಿಸಿದ್ದು ಜಾಣತನವೇ, ಆದರೆ ಆ 5ಕ್ಕೂ ಆಧಾರ ಇಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಬ್ಯಾಂಕ್‌ರೋಲ್ (ಆಟಕ್ಕೆ ತೆಗೆದಿಟ್ಟ ದುಡ್ಡು) ಪೂರ್ತಿ ಕರಗೋ ಸಂಭವ ನೋಡೋಕೆ ಎಲ್ಲರೂ ಬಳಸೋ ಸೂತ್ರ: ಇ (ಅಂದ್ರೆ 2.718) ಘಾತ −(2 × ದರ × ಬ್ಯಾಂಕ್‌ರೋಲ್ ÷ ಡೀವಿಯೇಷನ್‌ನ ವರ್ಗ). ಗಂಟೆಗೆ 5 ಬ್ಲೈಂಡ್, ₹4 ಲಕ್ಷ ಅಂದ್ರೆ 2,000 ಬ್ಲೈಂಡ್. ಹಾಕಿ ನೋಡಿದ್ರೆ ಸಂಭವ ಸೊನ್ನೆಯ ಹತ್ತಿರ ಬರುತ್ತೆ, ಎಲ್ಲರೂ ಖುಷಿ. ಆದರೆ ಈ ಸೂತ್ರ ಬ್ಯಾಂಕ್‌ರೋಲ್‌ಗೆ ಯಾರೂ ಕೈ ಹಾಕಲ್ಲ ಅಂತ ಹಿಡಿದಿದೆ. ಅದೇ ದುಡ್ಡಲ್ಲಿ ಬಾಡಿಗೆ ಕಟ್ಟಿ ಊಟ ಮಾಡೋನು ತನ್ನ ದರದಿಂದ ಖರ್ಚನ್ನೂ ಕಳೀಬೇಕು.

ಕಳೀರಿ. ₹1,20,000ರಲ್ಲಿ ತೆರಿಗೆ 31.2% ಹೋಗಿ ₹82,560. ಮನೆ ಖರ್ಚು, ಗೋವಾ ಖರ್ಚು ಸೇರಿ ₹60,000 ಹೋದ್ರೆ ಉಳಿಯೋದು ₹22,560, ಅಂದ್ರೆ ಗಂಟೆಗೆ 0.94 ಬ್ಲೈಂಡ್. ಈಗ ಸೂತ್ರಕ್ಕೆ ಹಾಕಿ: ₹4 ಲಕ್ಷ ಪೂರ್ತಿ ಮುಗಿಯೋ ಸಂಭವ ಸುಮಾರು 21%. ಅದೂ 5 ಅನ್ನೋದು ನಿಜವಾಗಿದ್ರೆ. ನಿಜವಾದ ದರ 3 ಆಗಿದ್ರೆ ತೆರಿಗೆ ಕಳೆದು ₹49,536 ಬರುತ್ತೆ, ಖರ್ಚು ₹60,000. ಆಗ ಬ್ಯಾಂಕ್‌ರೋಲ್ ಕರಗುತ್ತಾ ಅನ್ನೋ ಪ್ರಶ್ನೆಯೇ ಇಲ್ಲ, ಯಾವ ತಿಂಗಳು ಅನ್ನೋದಷ್ಟೇ. ಗಂಟೆಗೆ 3 ಬ್ಲೈಂಡ್ ಗೆಲ್ಲೋನು ಕೆಟ್ಟ ಆಟಗಾರ ಅಲ್ಲ ಅನ್ನೋದನ್ನ ನೆನಪಿಡಿ. ಕೆಲಸ ಇಟ್ಕೊಂಡು ಆಡಿದ್ರೆ ಅವನು ಆರಾಮಾಗಿರ್ತಾನೆ.

ರಿವರ್_ರಂಗಣ್ಣ:

ಮ್ಯಾಲಿನ ಲೆಕ್ಕ ಸರಿ ಅದ. ಆದ್ರ ಆ 140 ತಾಸು ಯಾವಾಗ ಆಡೀರಿ? ಶನಿವಾರ-ರವಿವಾರ, ರಜಾ ದಿನ, ಹೌದಲ್ರಿ? ಆವಾಗ ಟೇಬಲ್‌ನ್ಯಾಗ 9 ಮಂದಿಯೊಳಗ 5-6 ಮಂದಿ ಪ್ರವಾಸಕ್ಕ ಬಂದವರು ಇರ್ತಾರ. ತಿಂಗಳಿಗೆ 120 ತಾಸು ತುಂಬಿಸಬೇಕಂದ್ರ ಮಂಗಳವಾರ ಮಧ್ಯಾಹ್ನನೂ ಕೂಡಬೇಕಾಗತದ. ಆವತ್ತು ನಿಮ್ಮಂಥಾ ರೆಗ್ಯುಲರ್ ಮಂದಿನೇ ಒಬ್ಬರ ಮುಖ ಒಬ್ಬರು ನೋಡ್ಕೋತ ಕುಂತಿರ್ತಾರ, ರೇಕ್ (ಪಣದ ದುಡ್ಡಿನ್ಯಾಗ ಕ್ಯಾಸಿನೊ ತಗೊಳ್ಳೂ ಪಾಲು) ಮಾತ್ರ ಹೋಗ್ತಾನೇ ಇರತದ. ವಾರದ ಕೊನೆಯ ದರ ತಗೊಂಡು ವಾರಪೂರ್ತಿ ಗುಣಿಸಿದ್ರ ಲೆಕ್ಕ ಕೆಡತದ.

ರೇಕ್ ನೀವ ಎಣಿಸಿರಿ. ಒಂದ್ ತಾಸು ಬರೇ ಡೀಲರ್ ಕೈ ನೋಡ್ರಿ. ಉದಾಹರಣೆಗೆ 30 ಹ್ಯಾಂಡಿನ್ಯಾಗ 20 ಫ್ಲಾಪ್ (ನಡುವ ಇಡೂ ಮದಲಿನ ಮೂರು ಎಲಿ) ಕಂಡವು, ಸರಾಸರಿ ₹250 ತಗದ್ರು ಅನ್ರಿ: ತಾಸಿಗೆ ₹5,000. 9 ಮಂದಿಗೆ ಹಂಚಿದ್ರ ತಲೆಗೆ ₹555, ಅಂದ್ರ 2.8 ಬ್ಲೈಂಡ್. ಡೀಲರ್ ಟಿಪ್ ಬ್ಯಾರೆ. ಮಂದಿ ಕಡಿಮಿ ಆದಂಗ ತಲೆಗೆ ಬೀಳೂದು ಹೆಚ್ಚಾಗತದ. ಟೇಬಲ್ 5 ಮಂದಿಗೆ ಇಳದಾಗ ರೇಕ್ ಕಡಿಮಿ ಮಾಡ್ತಾರೋ ಇಲ್ಲೋ, ಮದಲ ಫ್ಲೋರ್‌ನವರನ್ನ (ಟೇಬಲ್ ನೋಡ್ಕೊಳ್ಳೂ ಮಂದಿನ್ನ) ಕೇಳ್ರಿ.

ಇನ್ನೊಂದು, ಒಂದು ಹ್ಯಾಂಡ್ ಬಿಡಿಸಿ ನೋಡೂಣು. ನಿಮ್ಮ ಕೈಯಾಗ ಏಸ್-ಕಿಂಗ್, ಬೋರ್ಡಿನ್ಯಾಗ (ಎಲ್ಲಾರಿಗೂ ಸೇರಿದ ನಡುವಿನ ಎಲಿಯೊಳಗ) ಏಸ್ ಅದ. ರಿವರ್‌ನ್ಯಾಗ (ಐದನೇ, ಕೊನೀ ಎಲಿ ಬಂದಾಗ) ಪಾಟ್, ಅಂದ್ರ ನಡುವ ಕೂಡಿದ ಪಣ, ₹6,000. ನೀವು ₹4,000 ಹಾಕಿದ್ರಿ, ಎದುರಿನಾಂವ ₹14,000ಕ್ಕ ಏರಿಸಿದ. ಇನ್ನ ₹10,000 ಹಾಕಿದ್ರ ₹24,000 ಸಿಗತದ, ಅಂದ್ರ 29.4% ಗೆದ್ದರ ಸಾಕು. ಸಾಲ್ವರ್ (ಆಟದ ಲೆಕ್ಕ ಹಾಕೂ ಸಾಫ್ಟ್‌ವೇರ್) ಇಲ್ಲಿ ಎಷ್ಟೋ ಸಲ ಕಾಲ್ (ಅಂವ ಹಾಕಿದಷ್ಟ ಹಾಕು) ಅಂತದ, ಯಾಕಂದ್ರ ಅದರ ಎದುರಾಳಿ ತಕ್ಕಷ್ಟು ಬ್ಲಫ್ (ಛಲೋ ಎಲಿ ಇಲ್ದನ ಹೆದರಸೂದು) ಮಾಡತದ. ಫ್ಲಾಪ್, ಟರ್ನ್ (ನಾಕನೇ ಎಲಿ) ಎರಡೂ ಸುಮ್ಮನ ಕಾಲ್ ಮಾಡಿ ರಿವರ್‌ನ್ಯಾಗ ಏರಿಸೂ ಪ್ರವಾಸಿ ಮನಷ್ಯಾ ಹಂಗ ಮಾಡಾಂವಲ್ಲ. ಅಂವ ಹತ್ತರಾಗ ಒಂದ್ ಸಲ ಬ್ಲಫ್ ಮಾಡಿದ್ರ, ಪ್ರತಿ ಕಾಲ್‌ಗೆ ನಿಮಗ ಸರಾಸರಿ ₹6,600 ಲುಕ್ಸಾನು. ಹತ್ತು ತಾಸಿಗೆ ಇಂಥಾದು ಒಂದ ಬಂದ್ರೂ ತಾಸಿಗೆ 3.3 ಬ್ಲೈಂಡ್ ಹೋತು. ನಿಮ್ಮ 5ರೊಳಗ ಉಳೀತೆಷ್ಟು? "ಇಷ್ಟು ಛಲೋ ಎಲಿ ಹಿಡಕೊಂಡು ಹೆಂಗ ಬಿಡಲಿ" ಅನ್ನೂ ಒಂದ ಮಾತಿಗೆ ಇಷ್ಟು ಕಿಮ್ಮತ್ತು.

ಇಪ್ಪತ್ತಾರು_ಎಎಸ್:

ತೆರಿಗೆ ಮತ್ತು ಕಾನೂನಿನ ವಿಷಯದಲ್ಲಿ ಇಲ್ಲಿ ಎಲ್ಲರೂ ಉದಾರವಾಗಿದ್ದಾರೆ.

ಇಸ್ಪೀಟು ಆಟದ ಗೆಲುವಿಗೆ 30% ಒಂದೇ ದರ, ಮೇಲೆ 4% ಸೆಸ್. ಸ್ಲ್ಯಾಬ್ ಇಲ್ಲ, ಮೂಲ ವಿನಾಯಿತಿ ಮಿತಿ ಇಲ್ಲ, ಉಳಿತಾಯಕ್ಕೆ ಸಿಗುವ 80ಸಿ ಬಗೆಯ ಕಡಿತ ಇಲ್ಲ. ಗೋವಾ ರೂಮಿನ ಬಾಡಿಗೆ, ಬಸ್ ಚಾರ್ಜು, ಸಾಲ್ವರ್ ಚಂದಾ ಯಾವುದನ್ನೂ ಖರ್ಚೆಂದು ಕಳೆಯುವಂತಿಲ್ಲ. ಈ ವರ್ಷದ ಸೋಲನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ, ಸಂಬಳಕ್ಕೆ ಎದುರಾಗಿ ಹೊಂದಿಸುವಂತೆಯೂ ಇಲ್ಲ. ಮೇಲಿನ ₹82,560 ಬಂದಿದ್ದು ಸೋತ ದಿನಗಳನ್ನು ಗೆದ್ದ ದಿನಗಳಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಹಾಕಿದಾಗ. ಅಧಿಕಾರಿ ಹಾಗೆ ಒಪ್ಪದಿದ್ದರೆ? ವರ್ಷದಲ್ಲಿ ಗೆದ್ದ ಸೆಷನ್‌ಗಳ ಮೊತ್ತ ₹20 ಲಕ್ಷ, ಸೋತವುಗಳ ಮೊತ್ತ ₹14 ಲಕ್ಷ ಎಂದಿಟ್ಟುಕೊಳ್ಳಿ. ಲಾಭ ₹6 ಲಕ್ಷ. ₹20 ಲಕ್ಷದ ಮೇಲೆ 31.2% ಅಂದರೆ ₹6.24 ಲಕ್ಷ. ವರ್ಷವಿಡೀ ಗೆದ್ದೂ ಕೈಯಿಂದ ₹24,000 ಕಟ್ಟಬೇಕಾಗುತ್ತದೆ. ವೃತ್ತಿಯ ಆದಾಯವೆಂದು ತೋರಿಸಲು ಬರುತ್ತದೆಯೇ ಎಂದು ರಾಜೀನಾಮೆ ಕೊಡುವ ಮೊದಲೇ ಸಿಎ ಜೊತೆ ಕೂತು ಮಾತಾಡಿ, ಆಮೇಲಲ್ಲ.

2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ, ಹಣದ ಆನ್‌ಲೈನ್ ಆಟಗಳಿಗೆ ಜಿಎಸ್‌ಟಿ 28%ರಿಂದ 40%ಕ್ಕೆ ಏರಿದೆ. ಪೋಕರ್ ಟೇಬಲ್‌ನ ಚಿಪ್ಸ್‌ಗೆ ಅದನ್ನು ಯಾವ ಬಾಬ್ತಿನಲ್ಲಿ ಹಾಕುತ್ತಾರೆ, ಪ್ರವೇಶ ಶುಲ್ಕದಲ್ಲೋ ಬೇರೆಯೋ ಎಂದು ಕ್ಯಾಶ್ ಕೌಂಟರಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಆನ್‌ಲೈನ್ ಬಗ್ಗೆ: ನಮ್ಮ ರಾಜ್ಯದ 2021ರ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತ್ತು, ಅದನ್ನೇ ನೆಚ್ಚಿಕೊಂಡು ಕೂತವರು ಬಹಳ ಜನ. ಆದರೆ ಆನ್‌ಲೈನ್ ಆಟಗಳ ಕುರಿತ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಅದು ಕೌಶಲದ ಆಟ, ಅದೃಷ್ಟದ ಆಟ ಎಂದು ಭೇದ ಮಾಡುವುದೇ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ, ನಿಜ. ಆದರೆ ಹಣ ದಾಟಿಸುವ ಬ್ಯಾಂಕು, ಪೇಮೆಂಟ್ ಕಂಪನಿಗಳಿಗೂ ಅಷ್ಟೇ ಶಿಕ್ಷೆ ಇರುವುದರಿಂದ ದುಡ್ಡು ಹೋಗುವ ದಾರಿಯೇ ಮುಚ್ಚಿದೆ. ವಿದೇಶಿ ಸೈಟು ತೋರಿಸಿ "ಏನೂ ಆಗಲ್ಲ ಗುರೂ" ಎನ್ನುವವರು ಸಿಗುತ್ತಾರೆ. ಅಲ್ಲಿ ಹಣ ಸಿಕ್ಕಿಹಾಕಿಕೊಂಡರೆ ಯಾವ ಠಾಣೆಗೆ ಹೋಗುತ್ತೀರಿ? ಒಟ್ಟಿನಲ್ಲಿ ನಿಮ್ಮ 60,000 ಹ್ಯಾಂಡ್ ಯಾವ ಆಟದ್ದೋ ಆ ಆಟ ಈಗ ನಿಮ್ಮ ಮುಂದೆ ಇಲ್ಲ. ತೀರ್ಮಾನ ಆ 140 ಗಂಟೆಯ ಮೇಲೇ ನಿಂತಿದೆ.

ಬಟನ್_ಸೀಟು:

ಖರ್ಚು ಕಳೆದು ಸೂತ್ರಕ್ಕೆ ಹಾಕೋದು ಹೊಳೆದೇ ಇರಲಿಲ್ಲ. ಎರಡು ಪ್ರಶ್ನೆ. ಒಬ್ಬರು ₹5 ಲಕ್ಷ ಹಾಕ್ತೀನಿ, ಲಾಭ ಅರ್ಧರ್ಧ ಅಂತಿದ್ದಾರೆ, ಒಪ್ಪಬಹುದಾ? ಇನ್ನೊಂದು, ಕೆಲಸ ಬಿಡದೆ 3 ತಿಂಗಳು ಸಂಬಳವಿಲ್ಲದ ರಜೆ ಹಾಕಿ ನೋಡಿದ್ರೆ?

ಶಾರ್ಟ್_ಸ್ಟ್ಯಾಕ್:

ಅರ್ಧರ್ಧ ಅಂದ್ರೆ ಮೇಕಪ್ (ಹಳೇ ಸೋಲು ತುಂಬಿದ ಮೇಲಷ್ಟೇ ಪಾಲು ಅನ್ನೋ ಕರಾರು) ಇದೆಯಾ ಅಂತ ಕೇಳಿ. ಇದ್ದೇ ಇರುತ್ತೆ. ಮೊದಲ ತಿಂಗಳು ₹1.5 ಲಕ್ಷ ಸೋತ್ರಿ. ಎರಡನೇ ತಿಂಗಳು ₹1 ಲಕ್ಷ ಗೆದ್ರಿ. ನಿಮಗೆ ಒಂದು ಪೈಸೆ ಇಲ್ಲ, ಹಳೇ ಸೋಲು ಇನ್ನೂ ₹50,000 ತುಂಬಬೇಕು. ಮೂರನೇ ತಿಂಗಳು ₹1.2 ಲಕ್ಷ ಗೆದ್ರಿ. ₹50,000 ಅಲ್ಲಿಗೆ ಹೋಗಿ ಮಿಕ್ಕ ₹70,000ದಲ್ಲಿ ನಿಮ್ಮ ಪಾಲು ₹35,000. ಮೂರು ತಿಂಗಳ ದುಡಿಮೆ ಒಂದು ತಿಂಗಳ ಮನೆ ಖರ್ಚಿಗೆ ಸರಿಹೋಯ್ತು. ಮೇಲಿಂದ ಗೆಲುವು ದಾಖಲಾಗೋದು ನಿಮ್ಮ ಪ್ಯಾನ್‌ನಲ್ಲಿ, ತೆರಿಗೆಯೂ ನಿಮ್ಮ ತಲೆಗೆ. ಪಾಲು ಹಂಚೋದು ತೆರಿಗೆಗೆ ಮೊದಲೋ ಆಮೇಲೋ, ಸೋಲು ತುಂಬೋ ಮುಂಚೆ ನೀವು ಬಿಟ್ಟರೆ ಸಾಲ ಆಗುತ್ತಾ ಇಲ್ವಾ, ದೊಡ್ಡ ಟೇಬಲ್‌ಗೆ ಹೋಗೋ ತೀರ್ಮಾನ ಯಾರದ್ದು, ಇಷ್ಟೂ ಬರವಣಿಗೆಯಲ್ಲಿ ಬರಲಿ. ಸ್ನೇಹಿತರಾದ್ರೆ ಇನ್ನೂ ಬೇಕು.

ಲೆಕ್ಕದ_ಪುಸ್ತಕ:

ರಜೆ ಒಳ್ಳೆ ಯೋಚನೆ, ಆದರೆ ದರ ಗೊತ್ತಾಗುತ್ತೆ ಅಂತ ಹೋಗಬೇಡಿ. 3 ತಿಂಗಳು 120ರಂತೆ 360 ಗಂಟೆ, ಹಳೇದು ಸೇರಿ 500. ಆಗಲೂ ಆಚೆ ಈಚೆ 4.4 ಬ್ಲೈಂಡ್ ಅನುಮಾನ ಉಳಿಯುತ್ತೆ. ಅನುಮಾನ 3ಕ್ಕೆ ಇಳಿಯೋಕೇ ಸುಮಾರು 1,070 ಗಂಟೆ ಬೇಕು. ರಜೆಯಿಂದ ಗೊತ್ತಾಗೋದು ಬೇರೆ: ವಾರಕ್ಕೆ 30 ಗಂಟೆ ಟೇಬಲ್ ಸಿಗುತ್ತಾ, ಸೀಟಿಗೆ ಎಷ್ಟು ಹೊತ್ತು ಕಾಯ್ತೀರಿ, ಆರನೇ ಗಂಟೆಯಲ್ಲಿ ನಿಮ್ಮ ಆಟ ಏನಾಗುತ್ತೆ.

ಪ್ರತಿ ಸೆಷನ್‌ಗೆ ಒಂದು ಸಾಲು ಬರೀರಿ: ದಿನ, ಕೂತ ಹೊತ್ತು, ಎದ್ದ ಹೊತ್ತು, ಹಾಕಿದ್ದು, ತಂದಿದ್ದು, ಟಿಪ್, ಟೇಬಲ್‌ನಲ್ಲಿ ರೆಗ್ಯುಲರ್ ಎಷ್ಟು ಜನ, ಯಾಕೆ ಎದ್ರಿ. ಕೊನೆಯ ಎರಡು ಕಾಲಂ ಯಾರೂ ತುಂಬಲ್ಲ, ಬೇಕಾಗೋದು ಅವೇ. ಮೂರನೇ ಬೈ-ಇನ್ (ಟೇಬಲ್‌ಗೆ ಕೂರೋಕೆ ಹಾಕೋ ದುಡ್ಡು) ಹೋದ ಮೇಲೆ ನಾಲ್ಕನೇದು ತೆಗೆದ ದಿನಗಳನ್ನ ಬೇರೆ ಕೂಡಿಸಿ. ವಾರದ ದಿನ ಒಂದು ಕಡೆ, ಶನಿವಾರ-ಭಾನುವಾರ ಇನ್ನೊಂದು ಕಡೆ ಕೂಡಿಸಿ.

ದುಡ್ಡಿನ ವಿಷಯ: ರಜೆಯ 3 ತಿಂಗಳ ಖರ್ಚು ₹1.8 ಲಕ್ಷ ನಿಮ್ಮ ಉಳಿತಾಯದಲ್ಲಿ ಮಿಕ್ಕ ₹5 ಲಕ್ಷದಿಂದ ಬರಲಿ, ಬ್ಯಾಂಕ್‌ರೋಲ್‌ನಿಂದ ಬೇಡ. ಹಾಗೆ ಮಾಡಿದ್ರೆ 2,000 ಬ್ಲೈಂಡ್‌ಗೆ ಟೇಬಲ್‌ನ ಏರಿಳಿತ ಒಂದೇ ತಾಗುತ್ತೆ, ನಿಮ್ಮ ಬಾಡಿಗೆ ತಾಗಲ್ಲ. ರಜೆಯಲ್ಲಿ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಮುಂದುವರಿಯುತ್ತಾ ಅಂತ ಎಚ್‌ಆರ್‌ನ ಮೇಲ್‌ನಲ್ಲೇ ಕೇಳಿ. ಕೆಲವು ಕಡೆ ನಿಲ್ಲಿಸ್ತಾರೆ.