ರೋಮ್‌ನಲ್ಲಿ ಹಸಿವಿಗೆ ಮೂರು ಕಚೇರಿ ಯಾಕೆ?

ಹೊಸ ಓದುಗ:
ಎಫ್‌ಎಒ (ಆಹಾರ ಮತ್ತು ಕೃಷಿ ಸಂಸ್ಥೆ), ವಿಶ್ವ ಆಹಾರ ಕಾರ್ಯಕ್ರಮ, ಐಫ್ಯಾಡ್ (ಕೃಷಿ ಅಭಿವೃದ್ಧಿ ನಿಧಿ). ಮೂರೂ ವಿಶ್ವಸಂಸ್ಥೆಯವೇ, ಮೂರೂ ರೋಮ್‌ನಲ್ಲೇ ಇವೆ, ಮೂರೂ ಹಸಿವಿನ ವಿಷಯವೇ. ಪರೀಕ್ಷೆಗೆ ಓದುವಾಗ ಪ್ರತಿ ಸಲ ಕಲಸಿಹೋಗುತ್ತದೆ. ಒಂದೇ ಸಾಕಿತ್ತಲ್ವಾ? ಇಸವಿಗಳ ಪಟ್ಟಿ ನನ್ನ ಹತ್ತಿರ ಇದೆ. ಯಾಕೆ ಹೀಗಾಯಿತು ಅನ್ನೋದು ಬೇಕು.

ಹಳೇ ಮೇಷ್ಟ್ರು:
ಆರ್ಥಿಕ ಇತಿಹಾಸ ಪಾಠ ಮಾಡುತ್ತಿದ್ದವನು ನಾನು. ನನಗೆ ಕಂಡಂತೆ ಹೇಳುತ್ತೇನೆ. ದೊಡ್ಡ ಕೆಲಸಕ್ಕೆ ಕೈಹಾಕಲು ಹಿಂಜರಿದಾಗಲೆಲ್ಲ ದೇಶಗಳು ಅದರ ಬದಲಿಗೆ ಒಂದು ಸಣ್ಣ ಕಚೇರಿ ತೆರೆದವು.

ರೋಮ್ ಯಾಕೆ ಅಂದರೆ, ಡೇವಿಡ್ ಲೂಬಿನ್ ಅಂತ ಕ್ಯಾಲಿಫೋರ್ನಿಯಾದ ಒಬ್ಬ ವ್ಯಾಪಾರಿ. ಬೆಳೆ ಎಷ್ಟು, ಬೆಲೆ ಎಷ್ಟು ಅನ್ನುವ ಲೆಕ್ಕ ರೈತನಿಗೂ ಸಿಗಬೇಕು ಅಂತ ದೇಶ ದೇಶ ಅಲೆದ. ಕಿವಿಗೊಟ್ಟವನು ಇಟಲಿಯ ರಾಜ. 1905ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಕೃಷಿ ಸಂಸ್ಥೆ ಹುಟ್ಟಿತು. ಮುಂದೆ ಅದರ ಕೆಲಸವೆಲ್ಲ ಎಫ್‌ಎಒ ಪಾಲಿಗೆ ಬಂತು.

ಎಫ್‌ಎಒ ಶುರುವಾಗಿದ್ದು 1945ರ ಅಕ್ಟೋಬರ್ 16ರಂದು, ಕೆನಡಾದ ಕ್ವಿಬೆಕ್‌ನಲ್ಲಿ. ಮೊದಲ ಮುಖ್ಯಸ್ಥ ಜಾನ್ ಬಾಯ್ಡ್ ಓರ್, ಸ್ಕಾಟ್ಲೆಂಡಿನ ವೈದ್ಯ. ಜನ ಕೇಳುತ್ತಿರುವುದು ಬ್ರೆಡ್, ನಾವು ಕೊಡಹೊರಟಿರುವುದು ಅಂಕಿಅಂಶ ಅನ್ನೋದು ಆತನ ಸಿಟ್ಟು. 1946ರಲ್ಲಿ ವಿಶ್ವ ಆಹಾರ ಮಂಡಳಿಯ ಯೋಜನೆ ಮುಂದಿಟ್ಟ. ಬೆಲೆ ಬಿದ್ದಾಗ ಧಾನ್ಯ ಕೊಂಡು ದಾಸ್ತಾನು ಮಾಡುವುದು, ಏರಿದಾಗ ಬಿಡುವುದು, ಹೆಚ್ಚಾದದ್ದನ್ನು ಹಸಿದ ದೇಶಗಳಿಗೆ ಕಡಿಮೆ ದರಕ್ಕೆ ಕೊಡುವುದು. ಅಮೆರಿಕ, ಬ್ರಿಟನ್ ಎರಡೂ ಒಪ್ಪಲಿಲ್ಲ. ಬ್ರಿಟನ್ನಿಗೆ ಅಗ್ಗದ ಆಮದು ಬೇಕಿತ್ತು. ಅಮೆರಿಕಕ್ಕೆ ತನ್ನ ಧಾನ್ಯದ ಮೇಲೆ ಬೇರೆಯವರ ಕೈ ಬೇಡವಾಗಿತ್ತು. ಓರ್ 1948ರಲ್ಲಿ ಹೊರಟ. ಮರುವರ್ಷ ಶಾಂತಿ ನೊಬೆಲ್ ಸಿಕ್ಕಿತು, ಮಂಡಳಿ ಮಾತ್ರ ಸಿಗಲಿಲ್ಲ. ಎಫ್‌ಎಒ ಕೈಯಲ್ಲಿ ಉಳಿದದ್ದು ಲೆಕ್ಕ ಮತ್ತು ಸಲಹೆ.

ಧಾನ್ಯ ಮಾತ್ರ ಅಮೆರಿಕದ ಗೋದಾಮುಗಳಲ್ಲಿ ತುಂಬುತ್ತಲೇ ಇತ್ತು. 1961ರಲ್ಲಿ ಅಮೆರಿಕದ ಅಧಿಕಾರಿ ಜಾರ್ಜ್ ಮೆಕ್‌ಗವರ್ನ್ ಪ್ರಸ್ತಾಪದಂತೆ ಅದನ್ನು ಹಂಚಲು ವಿಶ್ವ ಆಹಾರ ಕಾರ್ಯಕ್ರಮ ಬಂತು, ಅದೂ ಮೂರು ವರ್ಷದ ಪ್ರಯೋಗವಾಗಿ. 1962ರಲ್ಲಿ ಇರಾನಿನಲ್ಲಿ ಭೂಕಂಪವಾಯಿತು. ಪ್ರಯೋಗ ಇನ್ನೂ ಶುರುವಾಗುವ ಮುಂಚೆಯೇ ಗೋಧಿ, ಸಕ್ಕರೆ, ಚಹಾ ಕಳಿಸಬೇಕಾಯಿತು. ಆಮೇಲೆ ಮುಚ್ಚುವ ಮಾತೇ ಬರಲಿಲ್ಲ.

ಐಫ್ಯಾಡ್ ಇನ್ನೊಂದು ಗಾಬರಿಯ ಕೂಸು. 1972ರಲ್ಲಿ ಸೋವಿಯತ್ ಒಕ್ಕೂಟ ಸದ್ದಿಲ್ಲದೆ ರಾಶಿ ರಾಶಿ ಧಾನ್ಯ ಕೊಂಡಿತು, ಬೆಲೆ ಹಾರಿತು. 1974ರಲ್ಲಿ ರೋಮ್‌ನಲ್ಲಿ ವಿಶ್ವ ಆಹಾರ ಸಮ್ಮೇಳನ. ಹತ್ತು ವರ್ಷದೊಳಗೆ ಯಾವ ಮಗುವೂ ಹಸಿದು ಮಲಗಬಾರದು ಅಂದ ಅಮೆರಿಕದ ವಿದೇಶಾಂಗ ಸಚಿವ ಕಿಸಿಂಜರ್. ಸಣ್ಣ ರೈತರಿಗೆ ಸಾಲ ಕೊಡುವ ಐಫ್ಯಾಡ್ 1977ರಲ್ಲಿ ಹುಟ್ಟಿತು. ತೈಲ ದೇಶಗಳೂ ಹಣ ಹಾಕಿದವು.

ಗೋಧಿ ತೆನೆ:
ಮೇಷ್ಟ್ರೇ, ಓರ್ ಮೇಲೆ ನಿಮಗೆ ಪ್ರೀತಿ ಜಾಸ್ತಿ. ದಾಸ್ತಾನಿನಿಂದ ಬೆಲೆ ಹಿಡಿದಿಡಲು ಹೊರಟ ಅಂತರರಾಷ್ಟ್ರೀಯ ತವರ (ಟಿನ್ ಲೋಹ) ಮಂಡಳಿ 1985ರಲ್ಲಿ ದುಡ್ಡು ಖಾಲಿಯಾಗಿ ಕುಸಿಯಲಿಲ್ವಾ? ಧಾನ್ಯಕ್ಕೂ ಅದೇ ಗತಿ ಆಗುತ್ತಿತ್ತು. ಹೊಟ್ಟೆ ತುಂಬಿಸಿದ್ದು ಬೀಜ. ಕೃಷಿ ವಿಜ್ಞಾನಿ ಬೋರ್ಲಾಗ್ ಅವರ ಗಿಡ್ಡ ಗೋಧಿ, 1966ರಲ್ಲಿ ಫಿಲಿಪೀನ್ಸ್‌ನಿಂದ ಬಂದ ಐಆರ್8 ಭತ್ತ.

ಹಳೇ ಮೇಷ್ಟ್ರು:
ತವರದ ಮಾತು ಒಪ್ಪಿದೆ, ಅಲ್ಲಿ ನಾನು ಸೋತೆ. ಬೀಜದ್ದು ಅರ್ಧ ಒಪ್ಪುತ್ತೇನೆ. 2007-08ರಲ್ಲಿ ಬೀಜ ಇತ್ತು, ಬೆಳೆಯೂ ಇತ್ತು. ಬೆಲೆ ಏರಿತು ಅಂತ ದೇಶಗಳು ಒಂದರ ಹಿಂದೊಂದು ರಫ್ತು ನಿಲ್ಲಿಸಿದವು, ಅದರಿಂದಲೇ ಬೆಲೆ ಇನ್ನೂ ಏರಿತು. ಆಗ ತೆರೆಯಲು ಎಲ್ಲರಿಗೂ ಸೇರಿದ ಒಂದು ಕಣಜ ಇರಲಿಲ್ಲ.

ಹೊಸ ಓದುಗ:
ಈಗ ತಲೆಯಲ್ಲಿ ಕೂತಿತು. ಇನ್ನೊಂದು. ಹಸಿವನ್ನು ಅರ್ಧಕ್ಕೆ ಇಳಿಸುವ 2015ರ ಗುರಿ ಮುಟ್ಟಿತು ಅಂತ ಒಂದು ಕಡೆ, ಇಲ್ಲ ಅಂತ ಇನ್ನೊಂದು ಕಡೆ ಓದಿದೆ. ಯಾವುದು ಸರಿ?

ಹಳೇ ಮೇಷ್ಟ್ರು:
ಎರಡು ಗುರಿ ಇದ್ದವು. 1996ರ ವಿಶ್ವ ಆಹಾರ ಶೃಂಗಸಭೆ ಹಸಿದವರ ಸಂಖ್ಯೆಯನ್ನೇ ಅರ್ಧ ಮಾಡುತ್ತೇವೆ ಅಂದಿತು. 2000ದ ವಿಶ್ವಸಂಸ್ಥೆಯ ಸಹಸ್ರಮಾನ ಗುರಿ ಅದನ್ನು ಸುಮ್ನೆ 'ಪ್ರಮಾಣ' (ನೂರಕ್ಕೆ ಎಷ್ಟು ಜನ) ಅಂತ ಬದಲಿಸಿತು. ಜನಸಂಖ್ಯೆ ಬೆಳೆಯುವಾಗ ಪ್ರಮಾಣ ಇಳಿಸುವುದು ಸುಲಭ. ಅಭಿವೃದ್ಧಿಶೀಲ ದೇಶಗಳಲ್ಲಿ ಅದು ಶೇ 23.3ರಿಂದ 12.9ಕ್ಕೆ ಬಂತು, ಹೆಚ್ಚುಕಮ್ಮಿ ಅರ್ಧ. ಆದರೆ 2015ರಲ್ಲಿ ಎಫ್‌ಎಒ ಲೆಕ್ಕದಲ್ಲಿ ಜಗತ್ತಿನ ಹಸಿದವರು 79.5 ಕೋಟಿ. ಸಂಖ್ಯೆಯ ಗುರಿ ಹತ್ತಿರಕ್ಕೂ ಬರಲಿಲ್ಲ.

ಗೋಧಿ ತೆನೆಯವರಿಗೆ ಒಂದು ಮಾತು. ಪ್ರತಿ ವರ್ಷ ನನ್ನ ತರಗತಿಯಲ್ಲಿ 1946ರ ಆಟ ಆಡಿಸುತ್ತಿದ್ದೆ. ಒಂದು ಬೆಂಚು ಅಮೆರಿಕ, ಒಂದು ಬ್ರಿಟನ್, ಉಳಿದವರು ಕೊಳ್ಳುವ ದೇಶಗಳು. ಮಂಡಳಿ ಬೇಕೋ ಬೇಡವೋ, ಮತ ಹಾಕಿ. ದೊಡ್ಡ ಬೆಂಚು ಬೇಡ ಅಂದರೆ ಮುಗಿಯಿತು, ಅದು ನಿಯಮ. ಪ್ರತಿ ಸಲ ಬಿದ್ದುಹೋಗುತ್ತಿತ್ತು. ಒಂದೇ ಒಂದು ವರ್ಷ ಪಾಸಾಯಿತು. ಆ ದಿನ ಅಮೆರಿಕದ ಬೆಂಚು ಪೂರ್ತಿ ರಜೆ ಹಾಕಿತ್ತು.