ಸಹಾಯ ಬೇಕು: ಅಂಗಳದ ಕ್ಯಾಮೆರಾ ಬೇಕಾದದ್ದನ್ನೇ ಬಿಟ್ಟುಬಿಡುತ್ತಿದೆ

ನಮಸ್ಕಾರ. ಊರಿನಲ್ಲಿ ಅಮ್ಮನ ಮೇಲೆ ಒಂದು ಕಣ್ಣಿರಲಿ ಎಂದು ಅಡಿಕೆ ಒಣಹಾಕುವ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದ್ದೇನೆ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗುತ್ತದೆ. ಕತ್ತಲಾದರೆ ಸಾಕು, ಕತ್ತಲಲ್ಲೂ ಕಾಣಲೆಂದು ಕ್ಯಾಮೆರಾದಲ್ಲೇ ಇರುವ ಇನ್‌ಫ್ರಾರೆಡ್ ದೀಪದ ಬಳಿ ಹುಳುಗಳು ಮುತ್ತುತ್ತವೆ, ಅವುಗಳ ಆಸೆಗೆ ಜೇಡ ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ. ಗಾಳಿಗೆ ಒಂದು ಎಳೆ ಅಲುಗಿದರೂ ಪರದೆಯ ತುಂಬ ಬಿಳಿ ಗೆರೆ. 32 ಜಿಬಿ ಕಾರ್ಡ್ ಬೇಗ ತುಂಬಿ ಹಳೆಯದೆಲ್ಲ ಅಳಿಸಿಹೋಗುತ್ತದೆ.

ಬೇಸತ್ತು ನಾನು ಚಲನೆ ಗುರುತಿಸುವ ಸೂಕ್ಷ್ಮತೆಯನ್ನು ತಗ್ಗಿಸಿದೆ. ಮೊನ್ನೆ ಅಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ದಾಖಲಾಗಲೇ ಇಲ್ಲ; ಅವರು ಎದ್ದು ಸೆರಗು ಕೊಡವಿಕೊಳ್ಳುವಲ್ಲಿಂದ ದೃಶ್ಯ ಶುರುವಾಗುತ್ತದೆ. ಅದನ್ನು ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ.

ಕ್ಯಾಮೆರಾದ ದೀಪ ಆರಿಸಿ, ಬೇರೆ ಇನ್‌ಫ್ರಾರೆಡ್ ದೀಪವನ್ನು ದೂರದಲ್ಲಿ ಕೂರಿಸಿದರೆ ಹುಳುಗಳ ಕಾಟ ತಪ್ಪುತ್ತದೆಯೇ? ಚಲನೆಗೆ ಮುಂಚಿನ 5 ಸೆಕೆಂಡುಗಳನ್ನೂ ಉಳಿಸುವ ಸೌಲಭ್ಯವಿರುವ ಕ್ಯಾಮೆರಾ ಬಳಸಿದವರು ಇದ್ದರೆ ದಯವಿಟ್ಟು ತಿಳಿಸಿ.